ಹೊಲಿಯದೆ ಉಳಿದ ಧಾರಾವಾಹಿ

ಶಿವರತ್ನಮ್ಮನವರ ಬಲಗೈಯನ್ನು ಅವರು ಬರೆಯುತ್ತಿದ್ದ ಮಣೆಯ ಮೇಲೆಯೇ ಇಟ್ಟು ಗುಂಡುಕಲ್ಲಿನಿಂದ ನಾಲ್ಕು ಸಲ ಜಜ್ಜಲಾಯಿತು. ಅವರಿಗೆ ಎಪ್ಪತ್ತೇಳು ವರ್ಷ.

ಪಕ್ಕದ ಮನೆಯ ಚೆಲುವಮ್ಮ ಕೊಳ್ಳೇಗಾಲದ ಠಾಣೆಯ ಮೆಟ್ಟಿಲು ಹತ್ತಿದ್ದು 2025ರ ಮಾರ್ಚ್ 13, ಗುರುವಾರ, ಸಂಜೆ 4.20ಕ್ಕೆ. ಗಾಯಾಳುವನ್ನು ಆಂಬುಲೆನ್ಸ್ ಹತ್ತಿಸಿ ನೇರ ಬಂದಿದ್ದಳು. ಸೆರಗೆಲ್ಲ ರಕ್ತ.

“ಯಾರನ್ನ ನೋಡಿದ್ರಿ?” ಇನ್ಸ್‌ಪೆಕ್ಟರ್ ಆಶಾರಾಣಿ ಕೇಳಿದರು.

“ಯಾರೂ ಕಾಣ್ನಿಲ್ಲ ಕಣವ್ವ. ಕಾಫಿ ಕೊಡಾನ ಅಂತ ಅವ್ರ ಮನೆಗೋದೆ. ಬಾಗ್ಲು ತಗ್ದಿತ್ತು. ಕಂಬ್ಳಿ ಒಳ್ಗೆ ಬಿದ್ದಿದ್ರು. ಎತ್ತಿ ನೋಡಿದ್ರೆ ಕೈಯಿತ್ತು, ಬೆರಳು ಬೆರಳಾಗಿ ಇರ್ನಿಲ್ಲ.”

4.50ಕ್ಕೆ ಎಫ್‌ಐಆರ್ ದಾಖಲಾಯಿತು. ಬಿ.ಎನ್.ಎಸ್. ಕಲಂ 118(2), 333. ಆರೋಪಿ: ಅಪರಿಚಿತ.

ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದಯ್ಯನ ಬಾಯಿ ಸುಮ್ಮನಿರಲಿಲ್ಲ. “ಇವ್ರು ಯಾರು ಗೊತ್ತಾ ಮೇಡಂ? ಎಪ್ಪತ್ತು ಎಂಬತ್ತರಲ್ಲಿ ವಾರಪತ್ರಿಕೇಲಿ ಇವ್ರ ಕಾದಂಬರಿ ಬಂದ್ರೆ ರೇಷ್ಮೆ ನೂಲು ಬಿಚ್ಚೋ ಹೆಂಗಸ್ರು ಒಬ್ಳ ಕೈಲಿ ಜೋರಾಗಿ ಓದಿಸ್ಕಂಡು ಕೆಲ್ಸ ಮಾಡೋರು. ಕಂತು ಮುಗಿಯೋಗಂಟ ನಮ್ಮವ್ವ ನಮಗೆ ಮುದ್ದೇನೇ ಇಕ್ತಿರ್ಲಿಲ್ಲ.”

“ಇಷ್ಟು ಓದುಗರು. ಕಲ್ಲು ಎತ್ತಿದೋನು ಒಬ್ಬ,” ಎಂದರು ಆಶಾರಾಣಿ.

ಸ್ಥಳ ಪಂಚನಾಮೆ 5.30ರಿಂದ 7.10ರವರೆಗೆ ನಡೆಯಿತು. ರಕ್ತ ಮೆತ್ತಿದ ಮಣೆ. ಮೂರು ಕೆ.ಜಿ. ತೂಕದ ಗುಂಡುಕಲ್ಲು, ಅದಕ್ಕೆ ಅಂಟಿದ ಒಂದು ಉಗುರು. ಕರಿ ಕಂಬಳಿ, ಅದರ ಅಂಚಿನಲ್ಲಿ ಬೆಲ್ಲದ ಪಾಕ ಗಟ್ಟಿಯಾಗಿ ಇರುವೆ ಮುತ್ತಿದ್ದವು. ಗೋಡೆಯ ಗೂಡಿನಲ್ಲಿದ್ದವೆಂದು ಚೆಲುವಮ್ಮ ಹೇಳಿದ ಹಸ್ತಪ್ರತಿಯ ನೋಟ್‌ಬುಕ್‌ಗಳಿಲ್ಲ. ತೆರೆದ ತಗಡಿನ ಟ್ರಂಕು.

ಟ್ರಂಕಿನಲ್ಲಿ ಅವರವೇ ಧಾರಾವಾಹಿಗಳಿದ್ದವು. ಆಗಿನ ಮನೆಗಳಲ್ಲಿ ವಾರವಾರದ ಪುಟ ಕತ್ತರಿಸಿಟ್ಟು, ಕತೆ ಮುಗಿದ ಮೇಲೆ ಒಟ್ಟಿಗೆ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಇವುಗಳ ಬೆನ್ನಿನ ಮೇಲೆ ಹೆಸರಿಲ್ಲ. ಒಂದೊಂದಕ್ಕೆ ಒಂದೊಂದು ಬಣ್ಣದ ರೇಷ್ಮೆ ದಾರ, ಅಷ್ಟೇ. ಹನ್ನೊಂದಿದ್ದವು, ಹನ್ನೆರಡನೆಯದರ ಜಾಗ ಖಾಲಿ, ಅಲ್ಲಿ ಒಂದೆಳೆ ಕೆಂಪು ದಾರ ಮಾತ್ರ. ಉಳಿದವುಗಳ ಮೇಲಿನ ಧೂಳಿಗೆ ಬೆರಳು ತಾಗಿರಲಿಲ್ಲ.

“ಹುಡುಕಿಲ್ಲ,” ಎಂದರು ಆಶಾರಾಣಿ. “ಯಾವುದು ಬೇಕೋ ಅದು ಅವನಿಗೆ ಗೊತ್ತಿತ್ತು.”

ಮಾರ್ಚ್ 15ರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಶಿವರತ್ನಮ್ಮ ಕಣ್ಣು ಬಿಟ್ಟರು. ಬಲಗೈಯ ಮೂರು ಬೆರಳುಗಳನ್ನು ಅಷ್ಟರಲ್ಲಿ ತೆಗೆದಿದ್ದರು.

“ಯಾರು ಅಂತ ಗೊತ್ತಾಯ್ತಾ?”

“ಹಿಂದಿಂದ ಕಂಬ್ಳಿ ಆಕ್ದ. ತಲೆಗೆ ಒಡ್ದ. ಆಮೇಲೆ ಕೈ ಎಳ್ದು ಮಣೆ ಮೇಲಿಟ್ಟ. ಒಂದು ಮಾತಾಡ್ನಿಲ್ಲ. ಬೈದಿದ್ರೆ ದನಿ ಗುರ್ತು ಸಿಕ್ಕೋದಲ್ಲ.”

“ಅಂದ್ರೆ ನಿಮಗೆ ಗೊತ್ತಿರೋನು. ಅನುಮಾನ ಯಾರ ಮೇಲೆ?”

“ಕಾಣದ್ದನ್ನ ಏಳಲ್ಲ ತಾಯಿ. ಕಂಡಿದ್ದನ್ನೇ ಒಂದ್ಸಲ ಸುಳ್ಳು ಮಾಡಿ ಬರ್ದೋಳು ನಾನು.”

“ಏನು ಬರೀತಿದ್ರಿ?”

“ಗೌರನ ಕತೆ. ನಮ್ಮಣ್ಣನ ಮಗಳು. ಗಂಡ ಸತ್ತ ಮೇಲೆ ನಾನು ಒನ್ನೂರಲ್ಲಿ ಅವ್ರ ಮನೇಲೇ ಇದ್ದೆ. ಕಬ್ಬು ಕಡಿಯೋಕ್ ಬಂದ ಬೇರೆ ಜಾತಿ ಉಡುಗನ್ನ ಒಪ್ಕಂಡಿದ್ಲು. ಎಂಬತ್ನಾಲ್ಕರಲ್ಲಿ ಪಂಪ್‌ಹೌಸಲ್ಲಿ ಅವಳ ಕುತ್ಗೆ ಬಿಗಿದು ಬಾವಿಗಾಕುದ್ರು. ಎರಡು ವರ್ಷದ ಮೇಲೆ ನಾನು ಕಾದಂಬರಿ ಬರ್ದೆ. ‘ಅವ್ಳೇ ಬಿದ್ಲು ಅಂತ ಮುಗ್ಸು’ ಅಂದ ಅಣ್ಣ. ಅಂಗೇ ಮುಗ್ಸಿದೆ. ಓದ್ದೋರೆಲ್ಲ ಅತ್ರು. ಈಗ ನಿಜ್ವಾದ ಎಸ್ರಾಕಿ ಮತ್ತೆ ಬರೀತಿವ್ನಿ. ಪುಸ್ತಕ ಬತ್ತದೆ ಅಂತ ಓದುಗರ ಬಳಗದೋರು ಕರಪತ್ರನೂ ಅಂಚವ್ರೆ.”

ಚಿಕ್ಕಮಾದಯ್ಯ ಪಂಚನಾಮೆಯ ಪಟ್ಟಿ ನೋಡಿ ಹೇಳಿದ: “ಅವ್ವ, ಟ್ರಂಕಲ್ಲಿ ಕೆಂಪು ದಾರದ್ದು ಇಲ್ಲ.”

ಶಿವರತ್ನಮ್ಮ ತಲೆಯೆತ್ತಲು ನೋಡಿದರು. “ಕೆಂಪಾ? ಅದು ಬರೀ ಮದ್ವೆ ಕತೆ ಕಣ್ಲಾ. ಅದ್ರಲ್ಲಿ ಒಂದು ಕೋಳೀನೂ ಸಾಯಲ್ಲ.”

“ಹಾಗಾದ್ರೆ ಗೌರನ ಧಾರಾವಾಹಿ?”

“ಅಟ್ಟದ ಮೇಲೆ ಹಳೇ ಸೀರೇಲಿ ಬಿಡಿಬಿಡಿಯಾಗಿ ಅದೆ. ಪುಸ್ತಕ ಒಲೀತಿದ್ದೋಳು ಗೌರ. ಕೆಂಪು ದಾರದ್ದೇ ಅವ್ಳು ಒಲ್ದ ಕೊನೇದು. ಆಮೇಲೆ ಯಾರು ಒಲೀತಾರೆ?”

ಆಶಾರಾಣಿ ಪೆನ್ನು ಮುಚ್ಚಿದರು. ಬೆನ್ನಿನ ಮೇಲೆ ಹೆಸರಿಲ್ಲದೆಯೂ ಕೆಂಪು ದಾರದ್ದೇ ಕೊನೆಯದು, ಅದೇ ಗೌರನ ಕತೆ ಎಂದುಕೊಂಡವನು ಉಳಿದವನ್ನು ಗೌರ ಹೊಲಿಯುವುದನ್ನು ಕಂಡಿದ್ದವನು. ಅವಳು ಸತ್ತ ಮೇಲೆ ಹೊಲಿಗೆ ನಿಂತದ್ದು ಅವನಿಗೆ ತಿಳಿದಿರಲಿಲ್ಲ.

“ಆಗ ಆ ಮನೇಲಿದ್ದೋರಲ್ಲಿ ಈಗ ಯಾರಿದ್ದಾರೆ?”

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದರು. “ಶಾಂತಮೂರ್ತಿ. ಅವಳ ತಮ್ಮ. ಮಿಕ್ಕೋರು ಮಣ್ಣಾದ್ರು.” ಮತ್ತೆ ಇತ್ತ ತಿರುಗಿ ಹೇಳಿದರು: “ನೋಟ್‌ಬುಕ್ ಕಳ್ದೋದ್ರೆ ಓಗ್ಲಿ. ನಾನು ಕಂತಲ್ಲದೆ ಬರ್ದೋಳೇ ಅಲ್ಲ. ಗುರುವಾರ ಗುರುವಾರ ಒಂದೊಂದು ಕಂತು ನಕಲು ಮಾಡಿ ಬಸ್ಸಿನ ಕಂಡಕ್ಟರ್ ಕೈಲಿ ಅಜ್ಜೀಪುರಕ್ಕೆ ಕಳಿಸ್ತಿದ್ದೆ. ಬಿಳಿಗಿರಿಗೆ.”

ಮಾರ್ಚ್ 16. ಅಜ್ಜೀಪುರದ ಬಿಳಿಗಿರಿ ಕೋಲೂರಿಕೊಂಡು ಹೊರಬಂದ. ಎಡ ಮಂಡಿ ಮಡಚುತ್ತಿರಲಿಲ್ಲ.

“ಕಾಲಿಗೇನಾಯ್ತು?”

“ಎಂಬತ್ನಾಲ್ಕರಲ್ಲಿ ಹಾರೇಲಿ ಒಡುದ್ರು ಮೇಡಂ. ಗೌರನ್ನ ಕರ್ಕಂಡು ಬರೋಕೆ ಓಗಿದ್ದೆ.”

“ಈ ಕಂತುಗಳು ನಿಮಗ್ಯಾಕೆ?”

“ಸರಿಯಾಗಿ ಬರ್ದವ್ಳಾ ಅಂತ ನೋಡೋಕೆ. ಒಂದ್ಸಲ ಮೋಸ ಮಾಡವ್ಳೆ. ಹತ್ತೊಂಬತ್ತು ಬಂದ್ವು. ಇಪ್ಪತ್ತನೇದು ಈ ಗುರುವಾರ ಬರ್ಬೇಕಿತ್ತು, ಬರ್ನಿಲ್ಲ. ಬಸ್ಟ್ಯಾಂಡಲ್ಲಿ ಕತ್ತಲಾಗೋಗಂಟ ಕೂತಿದ್ದೆ.”

ಹತ್ತೊಂಬತ್ತನೇ ಕಂತಿನ ಕೊನೆ ಹೀಗಿತ್ತು: ‘ಹೊಸ ವಾರಪತ್ರಿಕೆ ಬಂದಿದೆ, ಪಂಪ್‌ಹೌಸಿನಲ್ಲಿಟ್ಟಿದ್ದೀನಿ ಬಾ ಎಂದು ಶಾಂತ ಅವಳನ್ನು ಕರೆದ. ಅವನಿಗೆ ಹದಿನಾರು. ಅವತ್ತು ಪತ್ರಿಕೆ ಬರುವ ದಿನವಲ್ಲ. ಅಡುಗೆಮನೆಯಲ್ಲಿದ್ದ ನನಗೆ ಅದು ಗೊತ್ತಿತ್ತು. ನಾನು ಏಳಲಿಲ್ಲ.’

ಮಾರ್ಚ್ 17, ಬೆಳಿಗ್ಗೆ 11.30. ಯಳಂದೂರು ತಾಲ್ಲೂಕು, ಹೊನ್ನೂರು. ಶಾಂತಮೂರ್ತಿ ತನ್ನ ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ತಿರುವಿಸುತ್ತಿದ್ದ.

“ಗುರುವಾರ ಮಧ್ಯಾಹ್ನ ಎಲ್ಲಿದ್ರಿ?”

“ಇಲ್ಲೇ.”

“ನಿಮ್ಮ ಕಂಬಳಿ ಎಲ್ಲಿ?”

ಅವನು ಪಾಕ ತಿರುವಿಸುತ್ತಲೇ ಇದ್ದ. ಆಲೆಯ ಆಳು ಕಣ್ಣು ತಗ್ಗಿಸಿಕೊಂಡು ಹೇಳಿದ: “ಗುರುವಾರ ತಕಂಡೋದ್ರು ಮೇಡಂ. ವಾಪಸ್ ತರ್ನಿಲ್ಲ.”

ಒಲೆಯ ಬೂದಿ ಕೆದಕಿದಾಗ ನೋಟ್‌ಬುಕ್ಕಿನ ಸುಟ್ಟ ರಟ್ಟು, ಹದಿನಾಲ್ಕು ಪಿನ್ನು ಸಿಕ್ಕವು. ಆಶಾರಾಣಿ ಕೇಳಿದ್ದು ಒಂದೇ ಪ್ರಶ್ನೆ: “ಕೆಂಪು ದಾರದ್ದನ್ನೂ ಸುಟ್ಟುಬಿಟ್ರಾ?”

ಶಾಂತಮೂರ್ತಿ ಎದ್ದು ಮನೆಯೊಳಗೆ ಹೋದ. ಪಂಚರ ಎದುರು ಭತ್ತದ ಕಣಜಕ್ಕೆ ಮೊಣಕೈವರೆಗೆ ಕೈ ಹಾಕಿ ಪುಸ್ತಕ ತೆಗೆದ. ಅಂಚು ಕಮರಿತ್ತು. ಒಲೆಗೆ ಹಾಕಿ ಮತ್ತೆ ಎಳೆದುಕೊಂಡಿದ್ದ. ಅವನ ಅಂಗೈಯಲ್ಲಿ ಬೊಬ್ಬೆಗಳಿದ್ದವು.

“ಅಕ್ಕನ ಒಲಿಗೆ ಅದು,” ಎಂದ.

ಮಧ್ಯಾಹ್ನ 3.15ಕ್ಕೆ ದಸ್ತಗಿರಿ. ಜೀಪಿನಲ್ಲಿ ಅವನೇ ಬಾಯಿಬಿಟ್ಟ. “ಅಪ್ಪ ಕಾಲಿಡ್ಕಂಡ. ಚಿಕ್ಕಪ್ಪ ಅಗ್ಗ ಬಿಗ್ದ. ಅದನ್ನೆಲ್ಲ ಬರ್ಕಳ್ಳಿ, ಅವ್ರು ಸತ್ತೋದ್ರು. ನಾನು ಕರ್ದದ್ದು ಬರೀಬಾರ್ದು. ಪತ್ರಿಕೆ ಅಂದ ತಕ್ಷಣ ಒದ್ದೆ ಕೈಲೇ ಓಡ್ಬಂದ್ಲು ಮೇಡಂ. ನಗ್ತಾ ಬಂದ್ಲು.”

ನಲವತ್ತೊಂದು ವರ್ಷ ಆ ನಗುವನ್ನು ನೆನಪಿಟ್ಟುಕೊಂಡಿದ್ದವನು ತಾನೊಬ್ಬನೇ ಎಂದುಕೊಂಡಿದ್ದ. ಇನ್ನೊಬ್ಬರ ಕೈಯಲ್ಲಿ ಪೆನ್ನಿತ್ತು.

ಮಾರ್ಚ್ 20ರಂದು ಹೊನ್ನೂರಿನ ಯಜಮಾನ ರುದ್ರಸ್ವಾಮಿ ಆಸ್ಪತ್ರೆಗೆ ಬಂದ. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ಟೈಪ್ ಮಾಡಿಸಿದ ಕಾಗದ, ಜೇಬಿನಲ್ಲಿ ಇಂಕ್ ಪ್ಯಾಡ್. ಹೇಳಿಕೆಯ ಪ್ರತಿ ಓದಿಸಲು ಬಂದಿದ್ದ ಆಶಾರಾಣಿ ಬಾಗಿಲಲ್ಲೇ ನಿಂತರು.

“ಅದೇನು ಅಂತ ಕೇಳ್ಬೇಡಕ್ಕ. ಮನೆ ಮರ್ಯಾದೆ. ಎಡಗೈ ಹೆಬ್ಬೆಟ್ಟು ಒತ್ತು, ಸಾಕು.”

“ಓದು.”

“ಓದೋದೇನು...”

“ಕತೆ ಬರ್ದೋಳು ಕಣಯ್ಯ ನಾನು. ಓದು, ಕೇಳ್ತೀನಿ.”

ರುದ್ರಸ್ವಾಮಿ ಗಂಟಲು ಸರಿಮಾಡಿಕೊಂಡ. “‘ದಿನಾಂಕ 13ರಂದು ನಾನು ಕಾಲು ಜಾರಿ ಒರಳುಕಲ್ಲಿನ ಮೇಲೆ ಬಿದ್ದು, ನನ್ನ ಕೈಗೆ ಪೆಟ್ಟಾಗಿದ್ದು, ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ.’ ಅಷ್ಟೇ ಅಕ್ಕ.”

“ಅವಳನ್ನ ಬಾವಿಗೆ ಬೀಳಿಸಿದ್ರಿ. ಬರ್ದೆ. ಈಗ ನನ್ನನ್ನೂ ಕಲ್ಲಿನ ಮೇಲೆ ಬೀಳಿಸ್ತೀರಾ?”

ಅವನು ಪ್ಯಾಡಿನ ಮುಚ್ಚಳ ತೆಗೆದು ಹಾಸಿಗೆಯ ಮೇಲಿಟ್ಟು, ಅವರ ಎಡಗೈಗೆ ಕೈ ಹಾಕಿದ. ಶಿವರತ್ನಮ್ಮ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದರು.

“ಒತ್ತಲ್ಲ. ಒಂದು ಪೆನ್ನು ಕೊಡಿ ಮೇಡಂ. ಇಪ್ಪತ್ತನೇ ಕಂತು ಬಾಕಿ ಅದೆ.”