ಸ್ಟಿಡಮ್ ಮನೆಯ ಹರಿದ ಬ್ಯಾಂಜೊ

ಮೊಟ್ಟೆ, ಹುರಿದ ಹಂದಿಮಾಂಸ ತಟ್ಟೆಗೆ ಬಿದ್ದಿತ್ತಷ್ಟೆ. ಸ್ಟಿಡಮ್ ಮನೆಯ ಸೊಸೆ ಲೆನೋರಾ ಪೆಟ್ಟಿಗೆ ಸಮೇತ ನಮ್ಮ ಬಾಗಿಲಲ್ಲಿ ನಿಂತಳು. ನನ್ನ ಹೆಂಡತಿ ವರ್ಡೀ ಕೆಂಟಕಿ ಬೆಟ್ಟಗಳ ನಮ್ಮ ಕಣಿವೆಗೆಲ್ಲ ಸೂಲಗಿತ್ತಿ, ಎಲ್ಲರ ಬಾಯಲ್ಲೂ ಅತ್ತೆ. ಕಳವು, ಜಗಳ, ಕಾಣೆಯಾದ ಹೇಸರಗತ್ತೆ, ಏನಿದ್ದರೂ ಜನ ಶೆರೀಫನನ್ನು ಬಿಟ್ಟು ಅವಳ ಹತ್ತಿರವೇ ಬರುತ್ತಿದ್ದರು. ನನ್ನ ತಿಂಡಿ ಮುಗಿದ ಮೇಲೆ ಬಂದವರು ಮಾತ್ರ ಒಬ್ಬರೂ ಇಲ್ಲ.

"ವರ್ಡೀ ಅತ್ತೆ, ನಮ್ಮ ಮನೆ ಮಾವನ ಬ್ಯಾಂಜೊ ಚರ್ಮ ಹರಿದಿದೆ. ನಾನೇ ಚಾಕು ಹಾಕಿದೆ ಅಂತಾರೆ. ಹತ್ತು ಗಂಟೆ ಬಸ್ಸಿಗೆ ತವರಿಗೆ ಹೋಗು ಅಂದ್ರು."

"ನಿನ್ನ ಗಂಡ ಏನಂದ?"

"ಆರ್ವಿಲ್ಲಾ? ನೆಲ ನೋಡ್ತಾ ನಿಂತಿದ್ದ." ಅವಳಿಗೆ ಅಳು ಬಂತು.

"ಏಳ್ರೀ, ಟ್ರಕ್ ತೆಗೀರಿ," ಎಂದಳು ವರ್ಡೀ. ನಾನು ತಟ್ಟೆ ನೋಡಿದೆ. ಅವಳು ನನ್ನ ಟೋಪಿ ಎಸೆದಳು.

ಸ್ಟಿಡಮ್ ಮನೆಯ ಕೂಗು ರಸ್ತೆಗೇ ಕೇಳುತ್ತಿತ್ತು. ಒಲೆ ಪಕ್ಕದ ಮೇಜಿನ ಮೇಲೆ ಬ್ಯಾಂಜೊ, ತಮಟೆಯಂತೆ ಚರ್ಮ ಬಿಗಿದ ಆ ತಂತಿವಾದ್ಯ, ಹರಿದು ಬಿದ್ದಿತ್ತು. ಅಂದು ಮಧ್ಯಾಹ್ನವೇ ಕೋರ್ಟು ಕಟ್ಟಡದ ಮುಂದೆ ಮನೆಮಂದಿಯ ಹಾಡು, ಅದೂ ನೇರ ರೇಡಿಯೊದಲ್ಲಿ. ಮನೆಮಗಳು ಟೆಸ್ಸಿ ತನ್ನ ಆಳೆತ್ತರದ ಬೇಸ್ ವಾದ್ಯದ ದಪ್ಪ ತಂತಿಗಳನ್ನು ಬೆರಳಲ್ಲಿ ಮೀಟುತ್ತಾ ಗೊಣಗುತ್ತಿದ್ದಳು. ಆರ್ವಿಲ್ ಮೂಲೆಯಲ್ಲಿ ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಿದ್ದ, ಉಜ್ಜುತ್ತಲೇ ಇದ್ದ. ನನಗೆ ಮೈಯೆಲ್ಲ ಉರಿಯಿತು.

"ನೋಡು ವರ್ಡೀ," ಮುದುಕ ಹೋಬರ್ಟ್ ಗುಡುಗಿದ. "ನಿನ್ನೆ ಅಭ್ಯಾಸದಲ್ಲಿ ಇವಳು 'ಒದ್ದೆ ಗೋಣಿ ಬಡಿದ ಹಾಗೆ ಕೇಳುತ್ತೆ ಮಾವ, ಚರ್ಮ ತೆಗೆದು ಪ್ಲಾಸ್ಟಿಕ್ ಹಾಕಿಸಿ' ಅಂದ್ಳು. ನಮ್ಮಪ್ಪನ ಬ್ಯಾಂಜೊಗೆ ಪ್ಲಾಸ್ಟಿಕ್ಕಂತೆ! ಬೆಳಿಗ್ಗೆ ನೋಡಿದ್ರೆ ಹರಿದಿದೆ, ಪಕ್ಕದಲ್ಲೇ ಇವಳ ಸೇಬು ಹೆಚ್ಚೋ ಚಾಕು!"

"ಒಲೆ ಹೊತ್ತಿಸಿದ್ದು ಯಾರು?" ಎಂದಳು ವರ್ಡೀ.

"ನಾನೇ, ಬೆಳಿಗ್ಗೆ ಎದ್ದ ತಕ್ಷಣ. ಮೂರು ದಿನದಿಂದ ಮಂಜು ಬಿಟ್ಟಿಲ್ವಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?"

ವರ್ಡೀ ಬ್ಯಾಂಜೊ ಅಂಚಿನಲ್ಲಿ ಚರ್ಮ ಬಿಗಿಯುವ ತಿರುಪುಗಳ ಮೇಲೆ ಬೆರಳಾಡಿಸಿ ನನಗೆ ತೋರಿಸಿದಳು. ಬೆರಳಿಗೆ ಅಂಟಂಟಾದ ಬಿಳಿ ಪುಡಿ ಹತ್ತಿತ್ತು. ಆಮೇಲೆ ಎಲ್ಲರನ್ನೂ ಕೂರಿಸಿದಳು.

"ಆ ಚಾಕು ಸೇಬು ಹೆಚ್ಚಿ ಅಲ್ಲೇ ಬಿಟ್ಟದ್ದಿರ್ಬೇಕು. ಚಾಕು ಹಾಕಿದ್ರೆ ಗೀರು ನೇರ ಇರುತ್ತೆ. ಇದು ಅಂಚಿಂದ ಸೊಟ್ಟಸೊಟ್ಟಗೆ ಬಿರಿದಿದೆ. ಹೋಬರ್ಟ್, ಮಂಜಿಗೆ ಚರ್ಮ ಸಡಿಲ ಆದ್ರೆ ಏನ್ ಮಾಡ್ಬೇಕು?"

"ಬೆಂಕಿಗೆ ತೋರಿಸ್ಬೇಕು. ತಿರುಪು ಮುಟ್ಟಬಾರದು. ಹಾಲುಹಲ್ಲಿನ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿದೀನಿ."

"ಯಾರೋ ಮುಟ್ಟಿದ್ದಾರೆ. ಒಂದೊಂದನ್ನೂ ಕೊನೇವರೆಗೆ ಬಿಗಿದಿದ್ದಾರೆ. ನೀನು ಒಲೆ ಹೊತ್ತಿಸಿದೆ, ಚರ್ಮ ಒಣಗಿ ಕುಗ್ಗಿತು, ಬಿರೀತು. ತಿರುಪಿನ ಮೇಲೆಲ್ಲಾ ರಾಳದ ಪುಡಿ. ನಿನ್ನ ಬೆರಳಲ್ಲಿ ರಾಳ ಇರಲ್ಲ. ಗಿಟಾರ್ ಬಾರಿಸೋ ಲೆನೋರಾಗೂ, ಬೇಸ್ ಮೀಟೋ ಟೆಸ್ಸಿಗೂ ಅದರ ಕೆಲಸ ಇಲ್ಲ. ಈ ಮನೇಲಿ ಕಮಾನು ಹಿಡಿಯೋನು ಒಬ್ಬನೇ."

ಆರ್ವಿಲ್‌ನ ಕೈ ಕೊನೆಗೂ ನಿಂತಿತು.

"ಜಗಳ ಆಗ್ದಿರ್ಲಿ ಅಂತ ರಾತ್ರಿ ಬಿಗಿದೆ ಅತ್ತೆ... ಬೆಳಿಗ್ಗೆ ನಾದ ಸರಿಯಾಗಿದ್ರೆ ಇಬ್ರೂ ಸುಮ್ಮನಾಗ್ತಾರೆ ಅನ್ಕೊಂಡೆ."

"ಚರ್ಮ ಹರಿದದ್ದು ದೊಡ್ಡದಲ್ಲ ಕಣೋ," ವರ್ಡೀ ಎಂದೂ ಇಲ್ಲದಷ್ಟು ಸಿಟ್ಟಾಗಿದ್ದಳು. "ಹೆಂಡತಿ ಪೆಟ್ಟಿಗೆ ಕಟ್ಟೋವಾಗ ನೆಲ ನೋಡಿದ್ಯಲ್ಲ, ಅದಕ್ಕೇನು ಹೇಳ್ತೀಯ?"

ಹೋಬರ್ಟ್ ಎದ್ದು ಸೊಸೆಯ ಪೆಟ್ಟಿಗೆಯನ್ನು ತಾನೇ ಒಳಗಿಟ್ಟು ಬಂದ. "ಬಾಯಿ ಜೋರಾಯ್ತು, ಮಗಳೇ," ಎಂದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

"ಇವತ್ತು ಹಾಡೋಕೆ ಬರ್ತೀನಿ," ಎಂದಳು ಲೆನೋರಾ. "ನಾಳೆ ಬಸ್ಸಿನ ಮಾತು ನಾಳೆ."

ಮಧ್ಯಾಹ್ನ ಕೋರ್ಟು ಕಟ್ಟಡದ ಮುಂದೆ, ಬ್ಯಾಂಜೊ ಇಲ್ಲದೆಯೇ ಹಾಡು, ಎಲ್ಲರಿಗೂ ಸೇರಿ ಒಂದೇ ಮೈಕು. ಯಾರ ಸರದಿಯೋ ಅವರು ಮುಂದೆ ಬರಬೇಕು, ಉಳಿದವರು ಸರಿಯಬೇಕು. ಆರ್ವಿಲ್ ಮೂರು ಸಲ ಪಿಟೀಲು ಎತ್ತಿಕೊಂಡು ಮುಂದೆ ಬಂದ. ಲೆನೋರಾ ಮೂರು ಸಲವೂ ಕದಲಲಿಲ್ಲ. ನಾಲ್ಕನೇ ಸಲ ಅವನು ಅವಳ ಭುಜದ ಮೇಲಿಂದ ಮೈಕಿಗೇ ಬಾಗಿ, "ಬ್ಯಾಂಜೊ ಹಾಳು ಮಾಡಿದ್ದು ನಾನು, ಬೈಸಿಕೊಂಡದ್ದು ಲೆನೋರಾ. ಬಾಯಿ ಬಿಡದೆ ನಿಂತಿದ್ದೆ, ತಪ್ಪಾಯ್ತು," ಎಂದ. ರೇಡಿಯೊ ಇದ್ದ ಮನೆಗಳಲ್ಲೆಲ್ಲ ಅದು ಕೇಳಿಸಿತು.

ಆಗ ಅವಳು ಪಕ್ಕಕ್ಕೆ ಸರಿದಳು.