ವಾಲಿದ ಏಳು

"ಇದನ್ನ ಓಡಿಸ್ಕೊಂಡೇ ಬಂದ್ರಾ?"

ದನಿ ಕಾರಿನ ಅಡಿಯಿಂದ ಬಂದಿತ್ತು. ಅವಳಿಗೆ ಕಂಡದ್ದು ಒಂದು ಜೊತೆ ಬೂಟು, ಬಿಳಿ ಕೋಟಿನ ಅಂಚು, ಅಷ್ಟೇ.

"ಇಲ್ಲ, ತಲೆ ಮೇಲೆ ಹೊತ್ಕೊಂಡು ಬಂದೆ," ಎಂದಳು.

ಅವಳಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೈದಾನದಲ್ಲಿ ಸಾಲಾಗಿ ನಿಂತಿದ್ದ ಇಪ್ಪತ್ತೆರಡು ಹಳೆಯ ಕಾರುಗಳಲ್ಲಿ ಇಪ್ಪತ್ತೊಂದು ಲಾರಿಯ ಮೇಲೆ, ಹೊದಿಕೆ ಹೊದ್ದು, ಮಲಗಿದ ಮಕ್ಕಳ ಹಾಗೆ ಬಂದಿಳಿದಿದ್ದವು. ಅವಳ ಎರಡೇ ಸೀಟಿನ ಹಸಿರು ಸ್ಪೋರ್ಟ್ಸ್ ಕಾರು ಮಾತ್ರ ಎಂಬತ್ತು ಕಿಲೋಮೀಟರ್ ತಾನೇ ಓಡಿ ಬಂದಿತ್ತು. ಅವಳು ದನದ ಡಾಕ್ಟರು. ಬೆಳಿಗ್ಗೆ ಐದಕ್ಕೆ ಒಂದು ಹಸುವಿಗೆ ಕಷ್ಟದ ಹೆರಿಗೆ ಮಾಡಿಸಿ, ಅದೇ ಗಂಬೂಟಿನಲ್ಲಿ ಇಲ್ಲಿಗೆ ಬಂದಿದ್ದಳು. ಕಾರಿನ ಚಕ್ರಗಳಿಗೆಲ್ಲ ಕೆಸರು.

ಬೂಟುಗಳ ಒಡೆಯ ಹೊರಗೆ ತೆವಳಿ ಬಂದು ಎದ್ದು ನಿಂತ. ಹಾಡುಹಗಲಲ್ಲಿ ಕೈಯಲ್ಲಿ ಟಾರ್ಚು. ಅದಕ್ಕೇ ಅಲ್ಲಿನವರೆಲ್ಲ ಅವನನ್ನು 'ಟಾರ್ಚು' ಎಂದೇ ಕರೆಯುತ್ತಿದ್ದರು. ವಾರವಿಡೀ ಗಡಿಯಾರ ರಿಪೇರಿ ಮಾಡುವವನು, ರಜೆಯ ದಿನ ಹಳೆಯ ಕಾರುಗಳ ತೀರ್ಪುಗಾರ.

ಅವನ ಇನ್ನೊಂದು ಕೈಯಲ್ಲಿ ಒಂದು ಒಣಹುಲ್ಲಿನ ಎಳೆ ಇತ್ತು.

"ಸೀಟಿನ ಕೆಳಗೆ ಸಿಕ್ತು. ಇದು ಕಾರ್ಖಾನೆಯಿಂದ ಬಂದಿದ್ದಲ್ಲ ಅನ್ಸುತ್ತೆ."

"ಅಲ್ಲ. ಹೋದ ವಾರ ಅಲ್ಲಿ ಒಂದು ಮೇಕೆಮರಿ ಕೂತಿತ್ತು."

"ಸ್ಪೋರ್ಟ್ಸ್ ಕಾರಲ್ಲಿ ಮೇಕೆನಾ?"

"ಅದರ ಕಾಲು ಮುರಿದಿತ್ತು. ನಡ್ಕೊಂಡು ಬಾ ಅನ್ನೋಕಾಗುತ್ತಾ?"

ಅವನು ನಗಲಿಲ್ಲ. ಹುಲ್ಲಿನ ಎಳೆಯನ್ನು ಜೋಪಾನವಾಗಿ ಅವಳ ಅಂಗೈಗೆ ಕೊಟ್ಟ.

'ಎಂಥ ಒಣ ಮನುಷ್ಯ...' ಎಂದುಕೊಂಡಳು ಅವಳು.

ಆ ದಿನ ನಡೆಯುತ್ತಿದ್ದದ್ದು ಮೊದಲ ಸುತ್ತಿನ ತಪಾಸಣೆ. ನಿಜವಾದ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅದು ಅಂದಚೆಂದದ ಸ್ಪರ್ಧೆಯಲ್ಲ, ಅಸಲಿತನದ ಪರೀಕ್ಷೆ. ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇದೆಯೇ ಎಂದು ಬೋಲ್ಟು, ಬಲ್ಬು, ರಬ್ಬರ್ ಪೈಪುಗಳವರೆಗೂ ನೋಡುತ್ತಾರೆ. ಶುರುವಿಗೆ ಸಾವಿರ ಅಂಕ. ಬದಲಾದ ಒಂದೊಂದಕ್ಕೂ ಕಳೆಯುತ್ತಾ ಹೋಗುತ್ತಾರೆ.

ದಿನಾ ಓಡುವ ಕಾರನ್ನು ಅಲ್ಲಿಗೆ ತರುವುದು ಹುಚ್ಚುತನ ಎಂದು ಎಲ್ಲರೂ ಹೇಳಿದ್ದರು.

ಟಾರ್ಚು ಹಿಂದಿನ ಡಿಕ್ಕಿ ತೆರೆದ. ಸ್ಟೆಪ್ನಿ ಎತ್ತಿ ಪಕ್ಕಕ್ಕಿಟ್ಟ. ಬಗ್ಗಿದವನು ಬಗ್ಗಿದ ಹಾಗೇ ಇದ್ದುಬಿಟ್ಟ. ಒಂದು ನಿಮಿಷ... ಎರಡು ನಿಮಿಷ...

"ಏನಾಯ್ತು? ತುಕ್ಕಾ?" ಎಂದಳು ಅವಳು.

"ಇಲ್ಲಿ ಬನ್ನಿ. ಬಗ್ಗಿ ನೋಡಿ." ಅವನ ದನಿ ಪಿಸುಗುಟ್ಟುವಷ್ಟು ಇಳಿದಿತ್ತು.

ಟಾರ್ಚಿನ ಬೆಳಕು ಅಡ್ಡಡ್ಡವಾಗಿ ಬಿದ್ದಿತ್ತು. ಸ್ಟೆಪ್ನಿಯ ಗುಳಿಯ ಮೂಲೆಯಲ್ಲಿ, ಹಸಿರು ಬಣ್ಣದ ಒಳಗೇ, ಒಂದು ಹೆಬ್ಬೆರಳಿನ ಗುರುತು. ಗೆರೆ ಗೆರೆಯೂ ಸ್ಪಷ್ಟ.

"ಬಣ್ಣ ಇನ್ನೂ ಹಸಿ ಇದ್ದಾಗ ಯಾರೋ ಕೆಲಸಗಾರ ಮುಟ್ಟಿದಾನೆ. ಒಣಗಿದ್ಯಾ ಅಂತ ನೋಡಿರ್ಬೇಕು. ಐವತ್ತಾರು ವರ್ಷ ಆಯ್ತು."

"ಇದಕ್ಕೂ ಅಂಕ ಕಳೀತೀರಾ?"

"ಆ ಲಾರಿ ಮೇಲೆ ಬಂದ ಕಾರುಗಳಿಗೆಲ್ಲ ಹೊಸ ಬಣ್ಣ ಬಳಿದಿದಾರೆ. ಇಂಥದ್ದು ಒಂದರಲ್ಲೂ ಉಳಿದಿಲ್ಲ." ಅವನು ಅವಳ ಕಡೆ ತಿರುಗಿದ. "ನಾನು ಮುನ್ನೂರು ಕಾರು ನೋಡಿದೀನಿ. ಇದನ್ನ ನೋಡಿರ್ಲಿಲ್ಲ."

ಅವಳ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಅದೇ ಕಾರಿನಲ್ಲಿ ಓಡಾಡಿದ್ದಾಳೆ. ಅವಳಮ್ಮನನ್ನು ಹೆರಿಗೆಗೆ ಕರೆದೊಯ್ದದ್ದೂ ಅದರಲ್ಲೇ. ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯನ ಬೆರಳು ಇಷ್ಟು ವರ್ಷ ತಮ್ಮ ಜೊತೆಗೇ ಓಡಾಡುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ತೋರಿಸಿದವನ ಮುಖವನ್ನು ಅವಳು ಮೊದಲ ಸಲ ಸರಿಯಾಗಿ ನೋಡಿದಳು. ಪುಟ್ಟ ಹುಡುಗನ ಮುಖದ ಹಾಗೆ ಬೆರಗಿನಿಂದ ತೆರೆದುಕೊಂಡಿತ್ತು ಅದು.

ಆಮೇಲೆ ಅವನು ಬಾನೆಟ್ ಎತ್ತಿ ಎಂಜಿನ್ ನಂಬರಿನ ಮೇಲೆ ಬೆಳಕು ಬಿಟ್ಟ. ಬಿಟ್ಟವನೇ ಆರಿಸಿದ. ಮುಖ ಬಿಳಿಚಿಕೊಂಡಿತು.

"ಇದು... ಯಾರ ಕಾರು?"

"ನಮ್ಮಪ್ಪಂದು. ಅವರು ಬಂದಿಲ್ಲ. ಈ ಮೈದಾನಕ್ಕೆ ಕಾಲಿಡಲ್ಲ ಅಂತಾರೆ."

ಅವನು ಬಾನೆಟ್ ಮುಚ್ಚಿ, ಅರ್ಜಿಯಲ್ಲಿದ್ದ ಮನೆ ವಿಳಾಸ ಬರೆದುಕೊಂಡ.

ಅಪ್ಪ ಹಾಗೆನ್ನಲು ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ ಇದೇ ಪರೀಕ್ಷೆಗೆ ಅವರು ಕಾರು ತಂದಿದ್ದರು. ಎಂಜಿನ್ ನಂಬರಿನ ಕೊನೆಯ ಏಳು ಒಂದು ಕಡೆ ವಾಲಿತ್ತು. 'ನಂಬರ್ ತಿದ್ದಿದಂತಿದೆ, ಎಂಜಿನ್ ಅಸಲಿ ಅಲ್ಲ' ಎಂದು ಹಾಳೆಯಲ್ಲಿ ಬರೆದು ಕೊಟ್ಟರು. ಅಪ್ಪ ಲೇತ್ ಮೆಷಿನ್ನಿನಲ್ಲಿ ನಲವತ್ತು ವರ್ಷ ದುಡಿದವರು. ಲೋಹದ ಮೇಲೆ ಅಂಕಿ ಒತ್ತುವ ಉಳಿಗಳು ಅವರ ಶೆಡ್ಡಿನಲ್ಲೇ ಇದ್ದವು. ಇವನೇ ಒತ್ತಿಕೊಂಡಿದ್ದಾನೆ ಎಂದು ಜನ ಬೆನ್ನ ಹಿಂದೆ ಆಡಿಕೊಂಡರು. ಆ ಸಂಜೆ ಅಪ್ಪ ಉಳಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಈಗ ಅವರ ಕೈ ನಡುಗುತ್ತದೆ, ಕಾರು ಓಡಿಸಲಾಗುವುದಿಲ್ಲ. ಅವರು ಬದುಕಿರುವಾಗಲೇ ಆ ಮಾತು ಅಳಿಸಬೇಕೆಂದೇ ಅವಳು ಅರ್ಜಿ ಹಾಕಿದ್ದಳು.

ಮುಂದಿನ ಭಾನುವಾರ ಟಾರ್ಚು ಅವರ ಮನೆಗೇ ಬಂದ. ಅವಳು ಒಂದು ಕುದುರೆಯ ಗೊರಸು ನೋಡಲು ಹೋಗಿದ್ದಳು. ವಾಪಸು ಬಂದಾಗ ಅವನೂ ಅಪ್ಪನೂ ಶೆಡ್ಡಿನಲ್ಲಿ ಎದುರುಬದುರು ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರ ಕಣ್ಣೂ ಕೆಂಪಾಗಿದ್ದವು.

"ಪೆಟ್ರೋಲ್ ವಾಸನೆಗೆ ಕಣ್ಣು ಉರೀತಾ ಇದೆ," ಎಂದರು ಅಪ್ಪ.

ಅವಳು ನಂಬಿದಳು.

ಆ ದಿನದಿಂದ ಅವನು ಪ್ರತಿ ಭಾನುವಾರವೂ ಬಂದ. ನಿಂತುಹೋಗಿದ್ದ ಡ್ಯಾಶ್‌ಬೋರ್ಡಿನ ಗಡಿಯಾರ ಬಿಚ್ಚಿ ಓಡಿಸಿಕೊಟ್ಟ. ಹಳೆಯ ಮಾದರಿಯ ಕ್ಲಿಪ್ಪುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದ. ಸೀಟಿನ ಹರಿದ ಹೊಲಿಗೆ ಮಾತ್ರ ಹಾಗೇ ಇರಲಿ ಎಂದ. "ಕೂತು ಕೂತು ಹರಿದಿದ್ದು. ಹೊಸದು ಹಾಕಿದ್ರೆ ಅದು ಸುಳ್ಳಾಗುತ್ತೆ."

ಒಂದು ಭಾನುವಾರ ಎಂಜಿನ್ನಿನ ಒಳಗೆ ಸಣ್ಣದೊಂದು ಟಿಕ್ ಟಿಕ್ ಸದ್ದು. ಎಲ್ಲಿಂದ ಎಂದು ಅವನಿಗೆ ಸಿಗಲೇ ಇಲ್ಲ. ಅವಳು ತನ್ನ ಸ್ಟೆತೊಸ್ಕೋಪ್ ತಂದು ಕೊಟ್ಟಳು.

"ದನಕ್ಕೆ ಇಡೋದನ್ನ ಇದಕ್ಕಾ?"

"ಅದು ಬೇಸರ ಮಾಡ್ಕೊಳಲ್ಲ, ಇಡಿ."

ಅವನು ಕಿವಿಗಿಟ್ಟುಕೊಂಡು ಎಂಜಿನ್ನಿಗೆ ಅದರ ಬಿಲ್ಲೆ ಒತ್ತಿದ. ಕಣ್ಣು ದೊಡ್ಡದಾಯಿತು. ಮಾತಿಲ್ಲದೆ ಕಿವಿಯಿಂದ ತೆಗೆದು ಅವಳ ಕಿವಿಗಿಟ್ಟ. ಒಳಗೆ ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು, ದೂರದ ಮಳೆಯ ಹಾಗೆ, ಒಂದು ಲಯದಲ್ಲಿ ಬಡಿಯುತ್ತಿದ್ದವು. ಅವನ ಬೆರಳು ಅವಳ ಕೆನ್ನೆಗೆ ತಗುಲಿದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಗೊತ್ತಾಗದವರ ಹಾಗೆ ನಿಂತಿದ್ದರು.

'ಇದು ಯಾರ ಎದೆ ಬಡಿತ...' ಎಂದು ಅವಳಿಗೆ ಅನುಮಾನವಾಯಿತು.

ಪರೀಕ್ಷೆಗೆ ವಾರ ಉಳಿದಿತ್ತು. ಅರ್ಜಿಯ ಜೊತೆ ಹಳೆಯ ಪರೀಕ್ಷೆಯ ಹಾಳೆಯನ್ನೂ ಲಗತ್ತಿಸಬೇಕಿತ್ತು. ಅಪ್ಪ ಕಣ್ಣಾಸ್ಪತ್ರೆಗೆ ಹೋಗಿದ್ದ ಹೊತ್ತು ಅವಳು ಅವರ ಕಬ್ಬಿಣದ ಪೆಟ್ಟಿಗೆ ತೆರೆದು ಅದನ್ನು ಹುಡುಕಿ ತೆಗೆದಳು.

'ನಂಬರ್ ತಿದ್ದಿದಂತಿದೆ.'

ಎಡಕ್ಕೆ ಬಾಗಿದ, ಒತ್ತಿ ಬರೆದ ಅಕ್ಷರ. ಅದೇ ಅಕ್ಷರದಲ್ಲಿ ಟಾರ್ಚು ಬರೆದ ರಿಪೇರಿ ಪಟ್ಟಿ ಶೆಡ್ಡಿನ ಗೋಡೆಯ ಮೇಲಿತ್ತು. ಅವನು ಎಡಗೈಯಲ್ಲಿ ಬರೆಯುವುದನ್ನು ಅವಳು ಎಷ್ಟು ಸಲ ಸುಮ್ಮನೆ ನಿಂತು ನೋಡಿರಲಿಲ್ಲ...

ಅವನು ಬಂದಾಗ ಅವಳು ಗೇಟು ತೆರೆಯಲಿಲ್ಲ. ಹಾಳೆಯನ್ನು ಕಂಬಿಯ ಸಂದಿಯಿಂದ ತೋರಿಸಿದಳು.

"ಇದು ನೀವು ಬರೆದಿದ್ದಾ?"

ಅವನು ಹಾಳೆಯ ಮೇಲೆ ಒಂದು ಸಲ ಕಣ್ಣಾಡಿಸಿದ.

"ಹೌದು. ಆಗ ನಾನು ಸಹಾಯಕ. ನಾನೇ ಬರೆದದ್ದು."

"ಮೊದಲ ದಿನವೇ ಗೊತ್ತಿತ್ತಲ್ವಾ ನಿಮಗೆ?"

"ಗೊತ್ತಿತ್ತು."

"ಗೊತ್ತಿದ್ದೂ ನಮ್ಮನೇಲಿ ಕೂತು ಕಾಫಿ ಕುಡಿದ್ರಿ. ನಮ್ಮಪ್ಪನ ಜೊತೆ ನಕ್ಕೊಂಡು ಮಾತಾಡಿದ್ರಿ. ನನ್ನ ಜೊತೆ..." ಅವಳು ಹಾಳೆಯನ್ನು ಮಡಚಿದಳು. "ಇನ್ನು ಇಲ್ಲಿಗೆ ಬರ್ಬೇಡಿ."

ಅವನು ಏನೋ ಹೇಳಹೊರಟು ತುಟಿ ಕಚ್ಚಿಕೊಂಡ.

"ಬರಲ್ಲ. ಆದ್ರೆ ಪರೀಕ್ಷೆಗೆ ಬನ್ನಿ. ದಯವಿಟ್ಟು... ಅಪ್ಪನ್ನೂ ಕರ್ಕೊಂಡು ಬನ್ನಿ."

ಅವಳು ಈ ವಿಷಯ ಅಪ್ಪನಿಗೆ ಹೇಳಲಿಲ್ಲ. ಹಳೆಯ ಗಾಯ ಕೆರೆದಂತಾಗುತ್ತದೆಂದು ನುಂಗಿಕೊಂಡಳು. ಆ ವಾರವೆಲ್ಲ ಅವಳಿಗೆ ಊಟ ರುಚಿಸಲಿಲ್ಲ. ಕರುಗಳಿಗೆ ಸೂಜಿ ಚುಚ್ಚುವಾಗಲೂ ಕಣ್ಣು ಮಂಜಾಗುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಹೋಗುವುದೇ ಬೇಡವೆಂದು ಕೂತಿದ್ದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕಾರಿನಲ್ಲಿ ಕೂತುಬಿಟ್ಟಿದ್ದರು.

"ನೀವೂ ಬರ್ತೀರಾ ಅಪ್ಪ?"

"ನನ್ನ ಕಾರು ಕಣಮ್ಮ. ನಾನು ಬರ್ದೇ ಇರ್ತೀನಾ?"

ಮೈದಾನದಲ್ಲಿ ಮೊದಲು ಚಾಲನೆಯ ಪರೀಕ್ಷೆ. ಲಾರಿ ಮೇಲೆ ಬಂದ ಕಾರುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆದರೆ ಒಂದರ ವೈಪರ್ ಅಲ್ಲಾಡಲಿಲ್ಲ, ಇನ್ನೊಂದರ ಹಾರನ್ ಕಪ್ಪೆಯಂತೆ ವಟಗುಟ್ಟಿ ಸುಮ್ಮನಾಯಿತು, ಮತ್ತೊಂದನ್ನು ನಾಲ್ಕು ಜನ ತಳ್ಳಬೇಕಾಯಿತು. ಅವಳು ಕೀಲಿ ತಿರುಗಿಸಿದೊಡನೆ ಹಸಿರು ಕಾರು ಗುರ್ರೆಂದು ಎದ್ದಿತು. ದೀಪ, ಹಾರನ್, ವೈಪರ್, ಗಡಿಯಾರ, ಎಲ್ಲವೂ ಸರಿಯಿದ್ದವು.

ಹಿರಿಯ ತೀರ್ಪುಗಾರರು ಬಾನೆಟ್ ಎತ್ತಿಸಿದರು. ಹನ್ನೆರಡು ವರ್ಷದ ಹಿಂದೆಯೂ ಅವರೇ ಇದ್ದರು. ನಂಬರ್ ನೋಡಿ ಹುಬ್ಬು ಗಂಟಿಕ್ಕಿದರು.

"ಇದು ಆ ಕಾರೇ ಅಲ್ವಾ?"

ಆಗ ಟಾರ್ಚು ಮುಂದೆ ಬಂದ. ಬಿಳಿ ಕೋಟನ್ನು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟ.

"ಸರ್, ಈ ಕಾರಿಗೆ ನಾನು ಅಂಕ ಹಾಕಲ್ಲ. ನಾನು ಹೇಳ್ಬೇಕಾದ್ದು ಬೇರೆ ಇದೆ." ಅವನ ದನಿ ಮೈದಾನದ ತುದಿಯವರೆಗೂ ಕೇಳಿಸಿತು. "ಅವತ್ತು ಈ ಹಾಳೆ ಬರೆದಿದ್ದು ನಾನು. ಬರೆದಿದ್ದು ತಪ್ಪು. ಅದೇ ವಾರ ತಯಾರಾದ ಇನ್ನೆರಡು ಕಾರು ಆಮೇಲೆ ನೋಡಿದೆ. ಎರಡರಲ್ಲೂ ಏಳು ಹೀಗೇ ವಾಲಿದೆ. ಕಾರ್ಖಾನೆಯ ಉಳಿಯೇ ಸವೆದು ಹೋಗಿತ್ತು. ಫೋಟೋ ಇಲ್ಲಿವೆ. ಒಂಬತ್ತು ವರ್ಷದಿಂದ ಇವರನ್ನ ಹುಡುಕ್ತಾ ಇದ್ದೆ. ಮನೆ ಬದಲಾಯಿಸಿದ್ರು, ಸಿಗ್ಲಿಲ್ಲ."

ಅವನು ಅಪ್ಪನ ಎದುರು ಬಂದು ನಿಂತು ತಲೆ ಬಗ್ಗಿಸಿದ.

"ಇವರು ಏನನ್ನೂ ತಿದ್ದಿಲ್ಲ. ನಾನು ಇವರ ಹೆಸರು ಕೆಡಿಸಿದೆ. ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

ಹಿರಿಯರು ಭೂತಗನ್ನಡಿ ಹಿಡಿದು ಫೋಟೋ ನೋಡಿದರು, ಎಂಜಿನ್ ನೋಡಿದರು, ಮತ್ತೆ ಫೋಟೋ ನೋಡಿದರು. ಕೊನೆಗೆ ಹಳೆಯ ಹಾಳೆಯನ್ನು ತರಿಸಿ, ಆ ಸಾಲಿಗೆ ಅಡ್ಡಗೆರೆ ಎಳೆದು, 'ಅಸಲಿ' ಎಂದು ಬರೆದು ಸಹಿ ಹಾಕಿದರು. ಆ ಸಹಿಯ ಮೇಲೆ ಅಪ್ಪ ನಡುಗುವ ಕೈಯನ್ನು ಒಂದು ಕ್ಷಣ ಇಟ್ಟರು.

ಒಟ್ಟು ಒಂಬೈನೂರ ಹನ್ನೊಂದು ಅಂಕ ಬಂತು. ಎರಡನೇ ದರ್ಜೆ. ಅಪ್ಪ ಅದನ್ನು ಕೇಳಿಸಿಕೊಂಡರೋ ಇಲ್ಲವೋ.

ಅವಳು ಕಣ್ಣೊರೆಸಿಕೊಳ್ಳುತ್ತಾ ಅಪ್ಪನ ಪಕ್ಕ ಬಂದಳು. "ಅಪ್ಪ, ಅವರು ಯಾರು ಅಂತ ನಿಮಗೆ ಮೊದಲೇ ಹೇಳ್ಬೇಕಿತ್ತು ನಾನು..."

"ನೀನೇನು ಹೇಳೋದು? ಮೊದಲನೇ ಭಾನುವಾರವೇ ಅವನು ಬಂದು ಕಾಲು ಹಿಡಿದ. 'ನನಗೆ ಹೇಳಿದ್ದು ಸಾಲದು, ಮೈದಾನದಲ್ಲಿ ಹೇಳು' ಅಂದೆ. 'ಅಲ್ಲಿವರೆಗೂ ಮಗಳಿಗೆ ಹೇಳ್ಬೇಡ, ಗೇಟಿಂದಲೇ ಓಡಿಸ್ತಾಳೆ' ಅಂತ ಮಾತು ತಗೊಂಡೆ."

ಗೇಟಿನಾಚೆ ತುಟಿ ಕಚ್ಚಿಕೊಂಡು ನಿಂತವನ ಮುಖ ಅವಳ ಕಣ್ಣಿಗೆ ಕಟ್ಟಿತು. ಕೊಟ್ಟ ಮಾತಿಗಾಗಿ ಎಲ್ಲ ಬೈಗುಳವನ್ನೂ ನುಂಗಿಕೊಂಡು ಹೋಗಿದ್ದನಲ್ಲ...

"ಓಡಿಸಿಬಿಟ್ಟೆ ಅಪ್ಪ," ಎಂದಳು ಸಣ್ಣ ದನಿಯಲ್ಲಿ.

"ಹಾಗಾದ್ರೆ ಹೋಗಿ ಕರ್ಕೊಂಡು ಬಾ. ನಾನು ಆ ಲಾರಿಯವರ ಜೊತೆ ಬರ್ತೀನಿ. ಇರೋದೇ ಎರಡು ಸೀಟು, ನಾನೆಲ್ಲಿ ಕೂರ್ಲಿ?"

ಅವನು ಮೈದಾನದ ಅಂಚಿನಲ್ಲಿ ಒಬ್ಬನೇ ನಿಂತಿದ್ದ. ಅವಳು ಕಾರನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸಿ ಬಾಗಿಲು ತೆರೆದಳು.

"ಕೂತ್ಕೊಳ್ಳಿ."

ಅವನು ಕೂರಲಿಲ್ಲ. "ನಾನು... ಇಂಥ ಕಾರಲ್ಲಿ ಯಾವತ್ತೂ ರಸ್ತೆ ಮೇಲೆ ಹೋಗಿಲ್ಲ."

"ಮುನ್ನೂರು ಕಾರು ನೋಡಿದೀನಿ ಅಂದ್ರಿ?"

"ಎಲ್ಲಾ ನಿಂತಿದ್ದವೇ."

ಬೆಟ್ಟದ ದಾರಿಯಲ್ಲಿ ಇಳಿಬಿಸಿಲು ಹರಡಿತ್ತು. ಮೇಲೆ ಚಾವಣಿಯಿಲ್ಲ. ಅವಳು ಗೇರ್ ಇಳಿಸಿ ತಿರುವಿಗೆ ತಿರುವು ಏರಿಸುತ್ತಿದ್ದಳು. ಎಂಜಿನ್ನಿನ ದನಿ ಬಂಡೆಗಳಿಗೆ ಬಡಿದು ವಾಪಸು ಬರುತ್ತಿತ್ತು. ಅವನು ಎರಡೂ ಕೈಯಲ್ಲಿ ಬಾಗಿಲು ಹಿಡಿದಿದ್ದವನು ಒಂದೊಂದೇ ಬೆರಳು ಬಿಟ್ಟ. ಕೊನೆಗೆ ಅಂಗೈಯನ್ನು ಗಾಳಿಗೆ ಒಡ್ಡಿದ. ನೆತ್ತಿ ತಲುಪಿದಾಗ ಕೆಳಗಿನ ಕಣಿವೆಯೆಲ್ಲ ಹೊನ್ನಿನ ಬಣ್ಣದಲ್ಲಿ ತೆರೆದುಕೊಂಡಿತು. ಅವಳು ಕಾರು ನಿಲ್ಲಿಸಿದಳು. ಅವನ ಕೆನ್ನೆ ಒದ್ದೆಯಾಗಿತ್ತು.

"ಇದು ಇದಕ್ಕೋಸ್ಕರ ಮಾಡಿದ್ದು ಅಂತ ಇವತ್ತು ಗೊತ್ತಾಯ್ತು," ಎಂದ ಅವನು.

"ಗೇಟಲ್ಲಿ ನನಗೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಸಾಕಿತ್ತು."

"ನಿಮ್ಮಪ್ಪನಿಗೆ ಎರಡನೇ ಸಲ ಮೋಸ ಮಾಡೋಕಾಗ್ಲಿಲ್ಲ. ನಿಮ್ಮನ್ನ ಕಳ್ಕೊಂಡ್ರೂ..." ಅವನು ನಿಲ್ಲಿಸಿದ. "ಈ ವಾರ ನಿದ್ದೆ ಮಾಡಿಲ್ಲ ನಾನು. ನೀವಿಲ್ಲದೆ ಇರೋಕೆ ನನಗೆ ಬರಲ್ಲ ಅಂತ ಗೊತ್ತಾಯ್ತು."

ಅವಳು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಾಳೆ ನನಗೆ ಆರು ಕೊಟ್ಟಿಗೆ ಸುತ್ತೋದಿದೆ," ಎಂದಳು.

"ನಾನೂ ಬರ್ಲಾ?"

"ಬನ್ನಿ. ಆದ್ರೆ ಈ 'ನೀವು' ಅನ್ನೋದನ್ನ ಬಿಡ್ಬೇಕು."

"ನೀವು ಮೊದಲು ಬಿಡಿ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಸರಿ... ಬೆಳಿಗ್ಗೆ ಆರಕ್ಕೆ ಬಾ."

"ಬರ್ತೀನಿ," ಎಂದ ಅವನು. ಆಮೇಲೆ ಸ್ವಲ್ಪ ತಡೆದು, ಹೊಸ ಪದವೊಂದನ್ನು ಕಲಿಯುವವನ ಹಾಗೆ ಮೆಲ್ಲಗೆ ಕೇಳಿದ. "ನೀನು ಕಾಯ್ತೀಯಾ?"

"ಗೇಟು ತೆಗ್ದೇ ಇಟ್ಟಿರ್ತೀನಿ ಕಣೋ."