ಕಂಪಾಸು ಪೆಟ್ಟಿಗೆಯ ಎರಡನೇ ಕೀ

"ಕೀ ತಿರುಗಿಸಬೇಡಿ. ಇನ್ನೊಮ್ಮೆ ತಿರುಗಿಸಿದ್ರೆ ಸೀಟಿನ ಅಡಿಯ ಕರೆಂಟಿನ ಪೆಟ್ಟಿಗೆ ಸುಟ್ಟುಹೋಗ್ತದೆ."

ಮಡಂತ್ಯಾರು ಪೇಟೆಯಲ್ಲಿ ಕೆಟ್ಟು ನಿಂತಿದ್ದ ಬೆಳ್ಳಿ ಬಣ್ಣದ ಹಳೆಯ ಪೋರ್ಷೆ ಕಾರಿನ ಕಿಟಕಿಗೆ ಬಗ್ಗಿ ಹೀಗೆ ಹೇಳಿದವಳು ವಿಸ್ಮಿತಾ, ಹೈಸ್ಕೂಲಿನ ಗಣಿತ ಟೀಚರ್. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಉತ್ತರಪತ್ರಿಕೆಗಳ ಕಟ್ಟು.

ಒಳಗಿದ್ದ ಮನ್ವಿತ್‌ಗೆ ಮೈ ಉರಿಯಿತು. ಮೂಡುಬಿದಿರೆಯಲ್ಲಿ ಹತ್ತು ವರ್ಷದಿಂದ ಟೈರ್ ಅಂಗಡಿ ನಡೆಸುವವನಿಗೆ ದಾರಿಯಲ್ಲಿ ಹೋಗುವ ಟೀಚರ್ ಪಾಠ ಮಾಡಿದರೆ ಹೇಗಾಗಬೇಡ?

"ನಿಮಗೆ ಈ ಗಾಡಿ ಗೊತ್ತುಂಟಾ?"

"ಮಡಚುವ ಟಾಪಿನ ಹಿಂದೆ ನೀರು ಹೋಗ್ಲಿಕ್ಕೆ ಎರಡು ತೂತು ಉಂಟು. ಎಲೆ ಸಿಕ್ಕಿಕೊಂಡ್ರೆ ಮಳೆನೀರೆಲ್ಲ ಒಳಗೆ. ನಿಲ್ಲಿ, ಬಂದೆ."

ಎದುರಿನ ಹೋಟೆಲಿಗೆ ಹೋಗಿ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ತಂದಳು. ತೂತಿಗೆ ಹಾಕಿ ಎರಡು ಸಲ ಆಡಿಸಿದ್ದೇ ತಡ, ಕಾರಿನ ಅಡಿಯಿಂದ ಬಳಬಳನೆ ಕಪ್ಪು ನೀರು ಸುರಿಯಿತು. ಮನ್ವಿತ್ ಕೀಯಿಂದ ಕೈ ತೆಗೆದ.

"ಎರಡು ದಿನ ಒಣಗ್ಲಿ. ಆಮೇಲೆ ಸ್ಟಾರ್ಟ್ ಮಾಡಿ."

"ಒಣಗಿದ್ದನ್ನು ಯಾರಿಗೆ ಹೇಳ್ಬೇಕು ಟೀಚರ್? ನಿಮ್ಮ ನಂಬರ್ ಕೊಟ್ರೆ..."

ಅವಳ ಗಮನ ಬೇರೆಡೆ ಇತ್ತು. ಎಡಬಾಗಿಲ ಹಿಡಿಯ ಕೆಳಗಿದ್ದ ಸಣ್ಣ ಗೀರನ್ನೇ ನೋಡುತ್ತಿದ್ದಳು. ಆರನೇ ಕ್ಲಾಸಿನಲ್ಲಿ ಅವಳ ಕೊಡೆಯ ತುದಿ ತಾಗಿ ಆದ ಗೀರು ಅದು! ಇದು ಅದೇ ಕಾರು...

ಅವಳ ಅಪ್ಪ ತುಕ್ರಪ್ಪ ಬಂಟ್ವಾಳದ ಡಾಕ್ಟರೊಬ್ಬರ ಡ್ರೈವರ್ ಆಗಿದ್ದರು. ಡಾಕ್ಟರಿಗೆ ಜರ್ಮನ್ ಕಾರಿನ ಆಸೆ ಇತ್ತು, ಓಡಿಸಲು ಪುರುಸೊತ್ತಿರಲಿಲ್ಲ. ಬ್ಯಾಟರಿ ಇಳಿಯಬಾರದೆಂದು ಪ್ರತಿ ಭಾನುವಾರ ತುಕ್ರಪ್ಪನೇ ಅದನ್ನು ಮಡಂತ್ಯಾರಿನ ತನಕ ಓಡಿಸುತ್ತಿದ್ದರು. ಇದ್ದದ್ದು ಎರಡೇ ಸೀಟು. ಎರಡನೆಯದು ಮಗಳದ್ದು. ಟಾಪ್ ತೆಗೆದು ಹೋಗುವಾಗ ಎರಡು ಜಡೆಯ ರಿಬ್ಬನ್ನುಗಳೂ ಹಾರುತ್ತಿದ್ದವು. ರಾಜಕುಮಾರಿಗೂ ಅಷ್ಟು ಜಂಬ ಇರಲಿಕ್ಕಿಲ್ಲ.

ಅವಳ ಹದಿಮೂರನೇ ವಯಸ್ಸಿಗೆ ಡಾಕ್ಟರು ತೀರಿಕೊಂಡರು. ಮನೆಯವರು ಕಾರು ಮಾರಲು ಹೊರಟರು. ಕೀ ಇಲ್ಲದಿದ್ದರೆ ಮಾರಲು ಆಗುವುದಿಲ್ಲ ಎಂದುಕೊಂಡ ಹುಡುಗಿ, ಅಪ್ಪನ ಅಂಗಿಯ ಜೇಬಿನಲ್ಲಿದ್ದ ಎರಡನೇ ಕೀಯನ್ನು ತೆಗೆದು ಕಂಪಾಸು ಪೆಟ್ಟಿಗೆಯಲ್ಲಿ ಅಡಗಿಸಿಟ್ಟಳು. ಕಾರು ಒಂದೇ ಕೀಯಲ್ಲಿ ಹೋಯಿತು. ಕದ್ದದ್ದು ತುಕ್ರಪ್ಪ ಎಂಬ ಮಾತು ಉಳಿಯಿತು.

ಕಳೆದುಹೋದದ್ದು ಸಿಗಲಿ ಎಂದು ಕೊರಗಜ್ಜ ದೈವಕ್ಕೆ ಚಕ್ಕುಲಿ, ವೀಳ್ಯದೆಲೆ ಹರಕೆ ಹೇಳುವುದು ನಮ್ಮ ಕಡೆಯ ಕ್ರಮ. ತುಕ್ರಪ್ಪನೂ ಹೇಳಿದರು. ಕೀ ಸಿಗಲಿಲ್ಲ. ಅಜ್ಜನೇ ಕೊಡಲಿಲ್ಲವೆಂದರೆ ತಪ್ಪು ತನ್ನದೇ ಇರಬೇಕೆಂದು ಅವರು ಮತ್ತೆ ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಇಷ್ಟೆಲ್ಲ ಆದ ಮೇಲೆ ಹುಡುಗಿ ಬಾಯಿ ಬಿಡುವುದು ಹೇಗೆ? ಹದಿನೈದು ವರ್ಷ ಬಿಡಲಿಲ್ಲ.

ಈಗಲೂ ಬಿಡಲಿಲ್ಲ. "ಗೊತ್ತಿದ್ದವರ ಹತ್ರ ಇಂಥದ್ದೇ ಒಂದು ಕಾರಿತ್ತು" ಎಂದಷ್ಟೇ ಮನ್ವಿತ್‌ಗೆ ಹೇಳಿ ನಂಬರು ಕೊಟ್ಟಳು.

ಕಾರು ಒಣಗಿದ್ದನ್ನು ಹೇಳಲು ಒಂದು ಫೋನು. ಬ್ರೇಕಿನ ಸದ್ದಿಗೆ ಇನ್ನೊಂದು. ಎಂಜಿನ್ ಆಯಿಲ್ ನೋಡಲು ಒಂದು ಭಾನುವಾರ, ಬ್ಯಾಟರಿ ಇಳಿಯದಿರಲಿ ಎಂದು ಮತ್ತೊಂದು ಭಾನುವಾರ. ಡಿಸೆಂಬರ್ ಹೊತ್ತಿಗೆ ಇಬ್ಬರಿಗೂ ನೆಪ ಬೇಕಾಗಲಿಲ್ಲ.

'ಇವನು ಗೇರ್ ಹಾಕುವುದೂ ಅಪ್ಪನ ಹಾಗೆಯೇ, ನೋವಾಗದ ಹಾಗೆ...' ಎಂದು ಅವಳಿಗೆ ಅನ್ನಿಸುತ್ತಿತ್ತು. ಪ್ರೀತಿ ಹೆಚ್ಚಿದಷ್ಟೂ ಹೆದರಿಕೆಯೂ ಹೆಚ್ಚುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಮುಂಡಾಜೆಯ ಸೇತುವೆಯ ಮೇಲೆ ನಿಂತು ಇಬ್ಬರೂ ಹೊಳೆ ನೋಡುತ್ತಿದ್ದರು. ಮೀನು ತೋರಿಸಲೆಂದು ಮನ್ವಿತ್ ಬಗ್ಗಿದ. ಅಂಗಿಯ ಜೇಬಿನಿಂದ ಕೀ ಜಾರಿ ಗುಳುಂ ಎಂದು ನೀರಿಗೆ ಬಿತ್ತು.

ಒಂದು ಗಂಟೆ ಮೊಣಕಾಲು ನೀರಿನಲ್ಲಿ ಹುಡುಕಿದ. ಸಿಗಲಿಲ್ಲ.

"ಇದ್ದದ್ದೇ ಒಂದು ಟೀಚರ್. ಇನ್ನೊಂದಿದ್ರೆ ಹೊಸದು ಮಾಡಿಸ್ಬಹುದಿತ್ತು. ಒಂದೂ ಇಲ್ಲದಿದ್ರೆ ಈ ಹಳೇ ಮಾಡೆಲಿಗೆ ಯಾರೂ ಕೈ ಹಾಕುವುದಿಲ್ಲ." ಅವನು ಸೋತು ಕುಳಿತ. "ಎಲ್ಲ ಆ ಡ್ರೈವರ್‌ನಿಂದ. ಹಿಂದೆ ಯಾರೋ ಡಾಕ್ಟರ ಡ್ರೈವರ್ ಎರಡನೇ ಕೀ ಕದ್ದಿದ್ದನಂತೆ. ಕಳ್ಳ."

ವಿಸ್ಮಿತಾ ತಟ್ಟನೆ ಅವನತ್ತ ತಿರುಗಿದಳು.

"ಕದ್ದದ್ದನ್ನು ನೀವು ನೋಡಿದ್ದೀರಾ?"

"ಮಾರಿದವರು ಹೇಳಿದ್ದು... ಯಾಕೆ, ಏನಾಯ್ತು?"

"ನೋಡದ್ದನ್ನು ಹೇಳ್ಬಾರದು."

ಬೆಳ್ತಂಗಡಿ ಕಡೆಗೆ ಹೋಗುವ ಬಸ್ಸಿಗೆ ಕೈ ಮಾಡಿ ಹತ್ತಿಯೇಬಿಟ್ಟಳು. ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ಮನ್ವಿತ್‌ಗೆ ತಲೆಬುಡ ಅರ್ಥವಾಗಲಿಲ್ಲ. ಗಾಡಿಯನ್ನು ಲಾರಿಯಲ್ಲಿ ಅಂಗಡಿಗೆ ಸಾಗಿಸಿದ. ಮೂರು ದಿನ ಫೋನು ಮಾಡಿದ, ಅವಳು ಎತ್ತಲಿಲ್ಲ. ಬುಧವಾರ ಮೆಸೇಜ್ ಬಂತು.

'ಶುಕ್ರವಾರ ಗಾಡಿ ಹೋಗ್ತದೆ. ಬಿಡಿಭಾಗಕ್ಕೆ ಕೇಳಿದ್ದಾರೆ. ಓಡದ ಗಾಡಿಯ ಹತ್ರ ನೀವು ಬರುವುದಿಲ್ಲ ಅಂತ ಗೊತ್ತಾಯ್ತು. ಬಂದದ್ದು ಗಾಡಿಗಾಗಿಯೇ ಇರ್ಬೇಕು. ಪರವಾಗಿಲ್ಲ.'

ಓದಿ ಅವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. 'ಅಂದು ಅಪ್ಪ, ಇಂದು ಇವನು... ಇನ್ನೆಷ್ಟು ಜನ ಈ ಕೀಯಿಂದಾಗಿ ನೋಯಬೇಕು?'

ಅಂದು ಸಂಜೆ ಅಪ್ಪನ ಮುಂದೆ ಕಂಪಾಸು ಪೆಟ್ಟಿಗೆ ತೆರೆದಿಟ್ಟು, ಎಲ್ಲವನ್ನೂ ಹೇಳಿದಳು. ಕೀಯ ವಿಷಯವನ್ನೂ, ಮನ್ವಿತ್‌ನ ವಿಷಯವನ್ನೂ.

ತುಕ್ರಪ್ಪ ಬಹಳ ಹೊತ್ತು ಕೀಯನ್ನೇ ನೋಡಿದರು. ಮುಟ್ಟಲಿಲ್ಲ. ಎದ್ದು ಅಂಗಳಕ್ಕೆ ಹೋದರು. ಎಷ್ಟೋ ಹೊತ್ತಿನ ಮೇಲೆ ನಳ್ಳಿ ನೀರಿನ ಸದ್ದು ಕೇಳಿಸಿತು. ಮುಖ ತೊಳೆದು ಬಂದು ಕುಳಿತರು. ಕಣ್ಣು ಕೆಂಪಾಗಿತ್ತು.

"ನನಗೆ ಹೇಳ್ಬಹುದಿತ್ತು ಮಗಳೇ."

"ಹೆದರಿಕೆ ಆಯ್ತು ಅಪ್ಪ. ನಿಮ್ಮ ಮುಖ ನೋಡಿದ ಮೇಲೆ ಇನ್ನೂ ಹೆದರಿಕೆ ಆಯ್ತು."

"ಬೇಸರ ಇಲ್ಲ ಅಂತ ನಾನು ಹೇಳುವುದಿಲ್ಲ. ಉಂಟು." ಅವರು ಮಗಳ ತಲೆಯ ಮೇಲೆ ಕೈ ಇಟ್ಟರು. "ಆದ್ರೆ ಕೀ ಸಿಕ್ಕಿತಲ್ಲ. ಅಜ್ಜನಿಗೆ ಚಕ್ಕುಲಿ ಬಾಕಿ ಉಂಟು. ನಾಡಿದ್ದು ಆ ಹುಡುಗನ ಅಂಗಡಿಗೆ ಹೋಗುವ. ಹೇಳುವುದು ಮಾತ್ರ ನೀನೇ ಹೇಳ್ಬೇಕು."

ಶುಕ್ರವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಅಪ್ಪ ಮಗಳು ಮೂಡುಬಿದಿರೆ ತಲುಪುವಾಗ ಅಂಗಡಿಯೆದುರು ಲಾರಿ ನಿಂತಿತ್ತು. ಕಾರಿಗೆ ಹಗ್ಗ ಕಟ್ಟುತ್ತಿದ್ದರು.

"ನಿಲ್ಲಿಸಿ," ಎಂದಳು ವಿಸ್ಮಿತಾ. ಕಂಪಾಸು ಪೆಟ್ಟಿಗೆ ತೆರೆದು ಹಿಡಿದಳು. "ಎರಡನೇ ಕೀ ಇಲ್ಲಿ ಉಂಟು. ಡ್ರೈವರ್ ಕದ್ದದ್ದಲ್ಲ. ಡ್ರೈವರ್‌ನ ಮಗಳು ಅಡಗಿಸಿಟ್ಟದ್ದು. ಆ ಮಗಳು ನಾನು. ಇವರು ನನ್ನ ಅಪ್ಪ."

ಹಗ್ಗ ಕಟ್ಟುವವರೂ ಕೈ ನಿಲ್ಲಿಸಿದರು. ಮನ್ವಿತ್ ಅವಳನ್ನು ನೋಡಿದ, ತುಕ್ರಪ್ಪನನ್ನು ನೋಡಿದ. ಸೇತುವೆಯ ಮೇಲೆ ತಾನು ಆಡಿದ ಮಾತು ನೆನಪಾಗಿ ಮುಖ ಬಾಡಿತು. ಹತ್ತಿರ ಬಂದು ಕೈ ಮುಗಿದ.

"ನನ್ನಿಂದ ದೊಡ್ಡ ತಪ್ಪು ಮಾತು ಬಂತು. ಕ್ಷಮಿಸ್ಬೇಕು." ಹಗ್ಗ ಬಿಚ್ಚಿಸಿ, ಡ್ರೈವರ್ ಬದಿಯ ಬಾಗಿಲು ತೆರೆದು ಹಿಡಿದ. "ಮೊದಲು ನೀವು ಕೂತ್ಕೊಳ್ಳಿ."

ತುಕ್ರಪ್ಪ ಚಪ್ಪಲಿ ಕಳಚಿದರು. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೀ ತಿರುಗಿಸಿದರು. ಮೊದಲ ಸಲಕ್ಕೆ ಆಗಲಿಲ್ಲ. ಎರಡನೆಯದಕ್ಕೆ ಕೆಮ್ಮಿತು. ಮೂರನೆಯದಕ್ಕೆ ಬೆನ್ನ ಹಿಂದಿನ ಎಂಜಿನ್ ಗುರ್ರೆಂದು ಎದ್ದಿತು... ಅದೇ ಸದ್ದು! ವಿಸ್ಮಿತಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಾ ಮಗಳೇ," ತುಕ್ರಪ್ಪ ಪಕ್ಕದ ಸೀಟು ತಟ್ಟಿದರು. "ಕೊರಗಜ್ಜನ ಕಟ್ಟೆಗೆ ಹೋಗಿ ಬರುವ."

ಅವಳು ಮನ್ವಿತ್‌ನ ಕಡೆಗೆ ತಿರುಗಿದಳು. "ಗಾಡಿಗಾಗಿ ಬಂದವಳು ಅಂತ ಬರೆದಿದ್ರಿ. ಮೊದಲ ದಿನ ಬಂದದ್ದು ಗಾಡಿಗಾಗಿಯೇ, ಸುಳ್ಳು ಹೇಳುವುದಿಲ್ಲ. ಆಮೇಲೆ ಬಂದದ್ದೆಲ್ಲ ನಿಮಗಾಗಿ."

ಮನ್ವಿತ್ ಪಕ್ಕದ ಬಾಗಿಲನ್ನೂ ತೆರೆದು ಹಿಡಿದ.

"ನೀವು ಕೂತ್ಕೊಳ್ಳಿ. ನಾನು ನಿಮ್ಮ ಸ್ಕೂಟರಲ್ಲಿ ಹಿಂದೆ ಬರ್ತೇನೆ. ಚಕ್ಕುಲಿ ತಗೊಂಡು."

"ಚಕ್ಕುಲಿ ಅಪ್ಪ ತರ್ತಾರೆ. ಹರಕೆ ಅವರದ್ದಲ್ವಾ?"

"ನನ್ನದೂ ಒಂದು ಉಂಟು."

"ಹೊಳೆಗೆ ಬಿದ್ದ ಕೀಗಾ?"

"ಕೀ ಹೋದ್ರೆ ಹೋಗ್ಲಿ ಅಂತ ಬಿಟ್ಟಿದ್ದೆ. ಮುಂಡಾಜೆಯಲ್ಲಿ ನೀವು ಬಸ್ ಹತ್ತಿ ಹೋದ್ರಲ್ಲ, ಅವತ್ತು ಸಂಜೆ ಹರಕೆ ಹೇಳಿದ್ದು."

ವಿಸ್ಮಿತಾ ಕಣ್ಣೊರೆಸಿಕೊಂಡು ಸ್ಕೂಟರಿನ ಕೀಯನ್ನು ಅವನ ಅಂಗೈಯಲ್ಲಿಟ್ಟಳು.

"ಇದನ್ನಾದ್ರೂ ಜೋಪಾನ ಮಾಡಿ. ಮತ್ತೆ... ಚಕ್ಕುಲಿ ಎರಡು ಪ್ಯಾಕೆಟ್ ತನ್ನಿ. ನಿಮ್ಮ ಹರಕೆಯೂ ಫಲಿಸಿದೆ."